ಹೊಸ ಲೇಔಟ್ ರಸ್ತೆಗೆ ದುಡ್ಡು ಯಾರು ಕೊಡಬೇಕು?

ಸರ್, ಬಳ್ಳಾರಿ ಹೊರವಲಯದ ನಿಮ್ಮ ಖಾಸಗಿ ಲೇಔಟ್‌ಗೆ ಪಾಲಿಕೆ ಯಾಕೆ ರಸ್ತೆ ಮಾಡುತ್ತಿಲ್ಲ ಅಂತ ಕೇಳಿದ್ದೀರಿ. ಮೊದಲು ನಗರಾಭಿವೃದ್ಧಿ ಪ್ರಾಧಿಕಾರದಲ್ಲಿ ನಕ್ಷೆ ನೋಡಿ. ಅನುಮೋದನೆ ಆಗಿದ್ದರೆ ಒಳಗಿನ ರಸ್ತೆ, ಚರಂಡಿ ಮಾಡಿಸುವ ಹೊಣೆ ಲೇಔಟ್ ಮಾಡಿದವರದ್ದೇ. ಅವರು ಅವನ್ನು ಪಾಲಿಕೆಗೆ ಒಪ್ಪಿಸಿ ಹಸ್ತಾಂತರ ಆದ ಮೇಲೆ ನಿರ್ವಹಣೆ ಪಾಲಿಕೆಯದ್ದು. ನಮ್ಮ ಬಡಾವಣೆಯಲ್ಲಿ ಹಸ್ತಾಂತರವೇ ಆಗಿರಲಿಲ್ಲ. ಅದು ಗೊತ್ತಿಲ್ಲದೆ ಎರಡು ವರ್ಷ ಸುಮ್ನೆ ಅಲೆದೆವು, ಆ ಹೊಟ್ಟೆಯುರಿ ಇನ್ನೂ ಹೋಗಿಲ್ಲ.

ಊರಿಗೆ ಸೇರಿಸುವ ದೊಡ್ಡ ರಸ್ತೆಯ ಲೆಕ್ಕವೇ ಬೇರೆ. ಅದು ಮಾಸ್ಟರ್ ಪ್ಲಾನ್‌ನಲ್ಲಿ, ಅಂದ್ರೆ ಊರು ಮುಂದೆ ಹೇಗೆ ಬೆಳೆಯಬೇಕು ಅನ್ನೋ ಯೋಜನೆಯಲ್ಲಿ ಇರಬೇಕು. ಹಣಕ್ಕೆ ನಮ್ಮ ಭಾಗದಲ್ಲಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದೆ. ಶಾಸಕರ ಮೂಲಕ ಕೇಳಿ. ಗಣಿ ಜಿಲ್ಲೆ ಅಲ್ವಾ, 2015ರಿಂದ ಗಣಿಯವರು ಹಣ ಕಟ್ಟುವ ಜಿಲ್ಲಾ ಖನಿಜ ನಿಧಿಯೂ ಇದೆ. ಆದರೆ ಅದರಲ್ಲಿ ಕುಡಿಯುವ ನೀರು, ಆಸ್ಪತ್ರೆ, ಶಾಲೆಗಳಿಗೇ ಜಾಸ್ತಿ ಪಾಲು. ಹಸ್ತಾಂತರ ಪತ್ರದ ನಕಲನ್ನು ಮಾಹಿತಿ ಹಕ್ಕಿನಲ್ಲಿ ನಾಳೆಯೇ ಕೇಳಿ.