ಉಗುಳು ಉಪ್ಪಾಗುವುದೇಕೆ?

ಸಕಲೇಶಪುರ ತಾಲ್ಲೂಕಿನ ಓದುಗರೊಬ್ಬರು ಬರೆದ ಪತ್ರದ ಸಾರಾಂಶ: ಅವರಿಗೆ ನಲವತ್ತೆಂಟು ವರ್ಷ. ಎರಡು ವರ್ಷದಿಂದ ನೀರಿಲ್ಲದೆ ಅಕ್ಕಿರೊಟ್ಟಿಯ ತುತ್ತು ಗಂಟಲಲ್ಲಿ ಇಳಿಯದು, ಕಣ್ಣಲ್ಲಿ ಮರಳು ಬಿದ್ದಂತಿರುತ್ತದೆ, ಹಲ್ಲುಗಳು ಒಸಡಿನ ಅಂಚಿನಲ್ಲೇ ಹುಳುಕಾಗುತ್ತಿವೆ. ಪರೀಕ್ಷೆಗಳ ನಂತರ ಇದು ಶೋಗ್ರೆನ್ಸ್ ಸಿಂಡ್ರೋಮ್ ಎಂದು ಗೊತ್ತಾಗಿದೆ. ದಿನಕ್ಕೆ ಮೂರು ಲೀಟರು ನೀರು ಕುಡಿದರೂ ಬಾಯಿ ಒಣಗುವುದೇಕೆ, ಇರುವಷ್ಟು ಉಗುಳೂ ಉಪ್ಪುಪ್ಪಾಗಿರುವುದೇಕೆ, ಇದು ತಮ್ಮ ಭ್ರಮೆಯೇ ಎಂದು ಕೇಳಿದ್ದಾರೆ.

ಮಾನ್ಯರೆ,

ಭ್ರಮೆಯಲ್ಲ. ತಮ್ಮ ನಾಲಿಗೆಗೆ ತಿಳಿದದ್ದು ಪ್ರಯೋಗಾಲಯದ ಪರೀಕ್ಷೆಯಲ್ಲೂ ಕಾಣುವಂಥದ್ದೇ. ಸ್ವೀಡನ್ನಿನ ನೇತ್ರವೈದ್ಯ ಹೆನ್ರಿಕ್ ಶೋಗ್ರೆನ್ 1933ರಲ್ಲಿ ತಮ್ಮ ಪ್ರಬಂಧದಲ್ಲಿ ವಿವರಿಸಿದ ಈ ಕಾಯಿಲೆಯಲ್ಲಿ, ರೋಗಾಣುಗಳೊಡನೆ ಹೋರಾಡಬೇಕಾದ ಬಿಳಿರಕ್ತಕಣಗಳು ಕಣ್ಣೀರು ಮತ್ತು ಜೊಲ್ಲಿನ ಗ್ರಂಥಿಗಳ ಮೇಲೆಯೇ ತಿರುಗಿಬೀಳುತ್ತವೆ. ರೋಗಿಗಳಲ್ಲಿ ಬಹುತೇಕ ಮಂದಿ ಮಹಿಳೆಯರು.

ಉಪ್ಪಿನ ವಿಷಯ ಸ್ವಲ್ಪ ವಿವರವಾಗಿಯೇ ಹೇಳಬೇಕು. ಗ್ರಂಥಿಯ ಒಳಗಿನ ಸಣ್ಣ ಚೀಲಗಳಲ್ಲಿ ಒಸರುವ ರಸದಲ್ಲಿ ಸೋಡಿಯಂ ಮತ್ತು ಕ್ಲೋರೈಡ್ ಹೆಚ್ಚುಕಡಿಮೆ ರಕ್ತದಲ್ಲಿರುವಷ್ಟೇ ಇರುತ್ತವೆ. ಅದು ಬಾಯಿಗೆ ಬರುವ ದಾರಿಯಲ್ಲಿ ನಾಳಗಳ ಗೋಡೆಗಳು ಆ ಉಪ್ಪನ್ನು ಹಿಂದಕ್ಕೆ ಹೀರಿಕೊಳ್ಳುವುದರಿಂದಲೇ ಆರೋಗ್ಯವಂತರ ಉಗುಳು ಸಪ್ಪೆಯಾಗಿರುತ್ತದೆ. ರಸ ನಿಧಾನವಾಗಿ ಹರಿದಷ್ಟೂ ಹೀರಿಕೊಳ್ಳಲು ಹೆಚ್ಚು ಸಮಯ ಸಿಗುವುದರಿಂದ, ಹರಿವು ಕಡಿಮೆಯಾದಾಗ ಉಪ್ಪು ಇನ್ನೂ ಕಡಿಮೆಯಾಗಬೇಕಿತ್ತು. ತಮ್ಮ ಕಾಯಿಲೆಯಲ್ಲಿ ಹರಿವೂ ಕುಗ್ಗಿ ಉಪ್ಪೂ ಏರುತ್ತದೆ. ಬಿಳಿರಕ್ತಕಣಗಳು ಗುಂಪುಗಟ್ಟುವುದು ಮುಖ್ಯವಾಗಿ ಆ ನಾಳಗಳ ಸುತ್ತಲೇ ಆದ್ದರಿಂದ ಹೀರುವ ಕೆಲಸ ಕೆಡುತ್ತದೆ. ಬರೀ ನೀರು ಸಾಲದೆ ಒಣಗಿದ ಬಾಯಿಗೂ ಈ ಕಾಯಿಲೆಯ ಬಾಯಿಗೂ ಇರುವ ಈ ವ್ಯತ್ಯಾಸ ನನಗೆ ಬಹಳ ಮುಖ್ಯವೆನಿಸುತ್ತದೆ, ಏಕೆಂದರೆ "ನೀರು ಹೆಚ್ಚು ಕುಡಿಯಿರಿ" ಎಂಬ ಒಂದೇ ಮಾತಿನಲ್ಲಿ ರೋಗಿಯನ್ನು ಕಳುಹಿಸಿಬಿಡುವುದು ಸರಿಯಲ್ಲವೆಂದು ಅದು ತೋರಿಸಿಕೊಡುತ್ತದೆ.

ಜೊಲ್ಲಿನಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ನೀರೇ. ಆದರೆ ಬಾಯನ್ನು ಕಾಯುವುದು ಉಳಿದ ಒಂದು ಪಾಲು. ಉಗುಳನ್ನು ಎರಡು ಬೆರಳ ನಡುವೆ ಹಿಡಿದು ಬಿಡಿಸಿದರೆ ಸಣ್ಣ ಎಳೆ ಬರುತ್ತದಲ್ಲ, ಅದು ಮ್ಯೂಸಿನ್ ಎಂಬ ಲೋಳೆಯ ಗುಣ. ಈ ಕಾಯಿಲೆಯಲ್ಲಿ ಮ್ಯೂಸಿನ್ ಪ್ರಮಾಣ ಅಷ್ಟೇನೂ ಇಳಿಯದಿದ್ದರೂ ಅದಕ್ಕೆ ಅಂಟಿದ ಸಕ್ಕರೆಯ ಸರಪಣಿಗಳು ಬದಲಾಗಿ, ನೀರನ್ನು ಹಿಡಿದಿಡುವ ಶಕ್ತಿ ಕುಂದುತ್ತದೆ. ರೊಟ್ಟಿಯ ಚೂರು ಅಂಗುಳಕ್ಕೆ ಅಂಟಿಕೊಳ್ಳುವುದಕ್ಕೆ ಇದೂ ಒಂದು ಕಾರಣ. ಉರಿಯೂತದ ಗುರುತಾಗಿ ಲ್ಯಾಕ್ಟೋಫೆರಿನ್‌ನಂಥ ಕೆಲವು ಪ್ರೋಟೀನುಗಳು ಹೆಚ್ಚುತ್ತವೆ. ಹುಳಿಯನ್ನು ತಣಿಸುವ ಬೈಕಾರ್ಬೊನೇಟ್ ಮಾತ್ರ ಕಡಿಮೆಯಾಗುತ್ತದೆ. ಬಾಯಿಯ ಪಿಎಚ್ (ಹುಳಿಯ ಅಳತೆ, ಹುಳಿ ಹೆಚ್ಚಿದಷ್ಟೂ ಇದು ಇಳಿಯುತ್ತದೆ) ಸುಮಾರು 5.5ಕ್ಕಿಂತ ಕೆಳಗಿಳಿದಾಗ ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್ ಕರಗತೊಡಗುತ್ತದೆ. ಊಟವಾದ ಮೇಲೆ ಪಿಎಚ್ ಅನ್ನು ಮೇಲಕ್ಕೆತ್ತಬೇಕಾದ ರಸವೇ ಸೋತಿರುವುದರಿಂದ ತಮ್ಮ ಹಲ್ಲುಗಳು ಹೀಗೆ ಹುಳುಕಾಗುತ್ತಿವೆ.

ಇಲ್ಲಿ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಬಾಯಿ ಒಣಗಿದರೆ ಕಲ್ಲುಸಕ್ಕರೆ ಚೀಪುವಂತೆ ನಮ್ಮ ಮನೆಮದ್ದಿನ ಅಂಕಣದಲ್ಲಿ ಹಿಂದೆ ಅಚ್ಚಾಗಿತ್ತು. ತಾವು ಅದನ್ನು ಪಾಲಿಸಿದ್ದಾಗಿ ಬರೆದಿದ್ದೀರಿ. ದಯವಿಟ್ಟು ಇಂದೇ ನಿಲ್ಲಿಸಿ, ನಮ್ಮನ್ನು ಕ್ಷಮಿಸಿ. ನಿಂಬೆ ಪೆಪ್ಪರ್‌ಮಿಂಟೂ ಬೇಡ. ಸಕ್ಕರೆಯಿಲ್ಲದ, ಕ್ಸೈಲಿಟಾಲ್ ಎಂಬ ಹಲ್ಲು ಕೆಡಿಸದ ಸಿಹಿವಸ್ತು ಇರುವ ಚ್ಯೂಯಿಂಗ್ ಗಮ್ ಜಗಿದರೆ ಗ್ರಂಥಿಯಲ್ಲಿ ಉಳಿದಿರುವ ಶಕ್ತಿ ಕೆಲಸಕ್ಕೆ ಬರುತ್ತದೆ. ನೀರನ್ನು ಲೋಟಗಟ್ಟಲೆ ಕುಡಿಯುವ ಬದಲು ಗುಟುಕು ಗುಟುಕಾಗಿ ಕುಡಿಯಿರಿ. ಸಕ್ಕರೆ ಹಾಕಿದ ಕಾಫಿಯನ್ನು ತೋಟದ ಕೆಲಸದ ನಡುವೆ ಮತ್ತೆಮತ್ತೆ ಹೀರುವ ಅಭ್ಯಾಸವಿದ್ದರೆ, ಸಕ್ಕರೆಯನ್ನಾದರೂ ಬಿಡಿ. ಹೆಚ್ಚು ಫ್ಲೋರೈಡ್ ಇರುವ ಪೇಸ್ಟ್ ಮತ್ತು ಹಲ್ಲಿಗೆ ಫ್ಲೋರೈಡ್ ಲೇಪನದ ಬಗ್ಗೆ ಹಾಸನದ ದಂತವೈದ್ಯರನ್ನು ಕೇಳಿ.

ಉಗುಳನ್ನು ಅಳೆಯುವುದರಿಂದ ಏನು ಪ್ರಯೋಜನ ಎಂದೂ ಕೇಳಿದ್ದೀರಿ. ಏನನ್ನೂ ಜಗಿಯದೆ ಸುಮ್ಮನೆ ಕುಳಿತು ಬಾಯಲ್ಲಿ ಸೇರಿದ್ದನ್ನು ಅಳತೆಯ ಬಟ್ಟಲಿಗೆ ಉಗಿಯುವುದೇ ಆ ಪರೀಕ್ಷೆ. ನಿಮಿಷಕ್ಕೆ 0.1 ಮಿಲಿಲೀಟರ್ ಅಥವಾ ಅದಕ್ಕಿಂತ ಕಡಿಮೆ ಬಂದರೆ, ಎಂದರೆ ಐದು ನಿಮಿಷಕ್ಕೆ ಹತ್ತು ಹನಿಯಷ್ಟೂ ದಾಟದಿದ್ದರೆ, ಈ ಕಾಯಿಲೆಯನ್ನು ಗುರುತಿಸುವ 2016ರ ಅಂತರರಾಷ್ಟ್ರೀಯ ಮಾನದಂಡದಲ್ಲಿ ಅದೂ ಒಂದು ಅಂಕವಾಗಿ ಲೆಕ್ಕಕ್ಕೆ ಬರುತ್ತದೆ. ಗ್ರಂಥಿಯನ್ನು ಪ್ರಚೋದಿಸುವ ಪೈಲೋಕಾರ್ಪಿನ್ ಮಾತ್ರೆಯಿಂದ ಹಲವರಿಗೆ ಅನುಕೂಲವಾಗಿದೆ. ಆದರೆ ಆಸ್ತಮಾ ಅಥವಾ ಕೆಲವು ಬಗೆಯ ಗ್ಲಾಕೋಮಾ (ಕಣ್ಣಿನ ನರಕ್ಕೆ ಹಾನಿ ಮಾಡುವ ಕಾಯಿಲೆ) ಇರುವವರಿಗೆ ಅದು ಅಪಾಯಕಾರಿ, ಆದ್ದರಿಂದ ಆ ವಿವರಗಳನ್ನು ವೈದ್ಯರಿಗೆ ಮೊದಲೇ ತಿಳಿಸಿ. ಕಿವಿಯ ಮುಂದಿನ ಗ್ರಂಥಿ ಊದಿಕೊಂಡು ವಾರಗಟ್ಟಲೆ ಇಳಿಯದೆ ಗಟ್ಟಿಯಾಗಿಯೇ ಉಳಿದರೆ ಮುಂದಿನ ಭೇಟಿಯ ದಿನಾಂಕಕ್ಕೆ ಕಾಯದೆ ತೋರಿಸಿಕೊಳ್ಳಿ. ಈ ಕಾಯಿಲೆಯ ಕೆಲವರಲ್ಲಿ ಅಲ್ಲಿ ಲಿಂಫೋಮಾ ಎಂಬ ಬಿಳಿರಕ್ತಕಣಗಳ ಕ್ಯಾನ್ಸರ್ ಬೆಳೆಯುವುದುಂಟು.

— ಸಂಪಾದಕ