ಚದುರಂಗ ಪ್ರಶ್ನೋತ್ತರ: ಸಿ3 ಪಾನಿನ ಬೆನ್ನು ಹತ್ತುವುದು ಹೇಗೆ?

ಪ್ರಶ್ನೆ: ಕಾರೋ-ಕಾನ್‌ನಲ್ಲಿ (1. ಇ4 ಸಿ6, 2. ಡಿ4 ಡಿ5 ಎಂಬ ಆರಂಭ) ಬಿಳಿಯವರು ಮೂರನೇ ನಡೆಗೇ ಡಿ5ರಲ್ಲಿ ಪಾನ್ (ಕಾಲಾಳು) ಬದಲಿ ಮಾಡಿಕೊಂಡರೆ ಆಟ ಸಪ್ಪೆಯಾಗಿ ಡ್ರಾ ಆಗುತ್ತದೆ. ಕಪ್ಪು ಏನನ್ನು ಹಿಡಿದು ಗೆಲುವಿಗೆ ಆಡಬೇಕು?

ಉತ್ತರ: ಮೊದಲು ಪಾನ್ ಎಣಿಸಿ. ಎ, ಬಿ, ಸಿ ಸಾಲುಗಳಲ್ಲಿ ಬಿಳಿಗೆ ಮೂರು, ನಿಮಗೆ ಎರಡೇ. ಆ ಎರಡನ್ನೇ ಮುಂದೆ ನೂಕಿ ಮೂರರ ಕಟ್ಟು ಒಡೆಯಬೇಕು. ಆಟಗಾರರು ಇದನ್ನೇ ಮೈನಾರಿಟಿ ಅಟ್ಯಾಕ್ ಅನ್ನುತ್ತಾರೆ.

ಸಾಮಾನ್ಯ ದಾರಿ ಇದು: 4. ಬಿಷಪ್ ಡಿ3, ಕುದುರೆ ಸಿ6, 5. ಸಿ3, ಕುದುರೆ ಎಫ್6, 6. ಬಿಷಪ್ ಎಫ್4, ಬಿಷಪ್ ಜಿ4, 7. ರಾಣಿ ಬಿ3, ರಾಣಿ ಡಿ7. ಮುಂದೆ ಇ6 ಇಟ್ಟು, ಜಿ4ರ ಬಿಷಪ್ಪನ್ನು ಎಫ್3ರ ಕುದುರೆಗೆ ಕೊಟ್ಟು, ಡಿ6ರಲ್ಲಿ ಕಪ್ಪು ಮನೆಯ ಬಿಷಪ್ಪುಗಳನ್ನೂ ಬದಲಿಸಿ, ಡಿ6ಕ್ಕೆ ರಾಣಿ ತಂದು ಕ್ಯಾಸಲ್ ಮಾಡಿ. ಆಮೇಲೆ ರೂಕ್ ಬಿ8, ಎ6, ಬಿ5, ಬಿ4. ಎ6 ಯಾಕೆಂದರೆ ಡಿ3ರ ಬಿಷಪ್, ಬಿ3ರ ರಾಣಿ ಎರಡೂ ಬಿ5ರ ಮೇಲೆ ಕಣ್ಣಿಟ್ಟಿರುತ್ತವೆ.

ಬಿ4ಕ್ಕೆ ಬಂದ ಪಾನ್ ಸಿ3ರಲ್ಲಿ ಹೊಡೆದು, ಬಿಳಿ ಬಿ2 ಪಾನಿನಿಂದ ವಾಪಸ್ ಹೊಡೆದರೆ ನಿಮಗೆ ಬೇಕಾದದ್ದು ಸಿಕ್ಕಂತೆ: ಸಿ3 ಹಿಂದುಳಿದ ಪಾನ್ (ಪಕ್ಕದ ಪಾನ್ ಮುಂದೆ ಹೋಗಿ, ಪಾನಿನ ಆಸರೆ ಇಲ್ಲದ್ದು), ಎ2 ಒಂಟಿ ಪಾನ್ (ಪಕ್ಕದ ಸಾಲಿನಲ್ಲಿ ಜೊತೆಯ ಪಾನ್ ಇಲ್ಲದ್ದು). ಸಿ8, ಸಿ7ರಲ್ಲಿ ರೂಕ್‌ಗಳನ್ನು ಒಂದರ ಹಿಂದೊಂದು ನಿಲ್ಲಿಸಿ. ಹಗುರ ಕಾಯಿ (ಕುದುರೆ, ಬಿಷಪ್) ಬದಲಾದರೆ ಆಗಲಿ, ರೂಕ್ ಮಾತ್ರ ಉಳಿಸಿಕೊಳ್ಳಿ. ಅವಸರಪಟ್ಟು ಸಿ4ಕ್ಕೆ ಕುದುರೆ ಹಾರಿಸಬೇಡಿ. ಬಿಳಿ ಅದನ್ನು ಬಿಷಪ್ಪಿನಿಂದ ಹೊಡೆದಾಗ ನಿಮ್ಮ ಡಿ ಪಾನ್ ಸಿ4ಕ್ಕೆ ಬಂದು ಕೂತರೆ ಸಿ ಸಾಲೇ ಮುಚ್ಚಿಹೋಗುತ್ತದೆ. ಇಷ್ಟು ಹೊತ್ತು ಬೆನ್ನಟ್ಟಿದ ಪಾನಿಗೆ ನೀವೇ ಛತ್ರಿ ಹಿಡಿದಂತೆ!

ಬಿಳಿ ಬಿ4ರಲ್ಲಿ ತಾನೇ ಹೊಡೆದರೆ ಡಿ4 ಒಂಟಿಯಾಗುತ್ತದೆ, ಬಿ2 ನಿಮ್ಮ ರೂಕಿನ ಎದುರಿಗೆ ಬರುತ್ತದೆ. ಸಿ4 ನೂಕಿದರೆ ಹೊಡೆಯಿರಿ. ಆಗಲೂ ಡಿ4 ಒಂಟಿ, ಮೇಲಾಗಿ ಡಿ5 ನಿಮ್ಮ ಕುದುರೆಗೆ ಖಾಲಿ.

ಪ್ರಶ್ನೆ: ಇದೇ ಯೋಜನೆಯಲ್ಲಿ ಆಡಿ ಹದಿನೈದನೇ ನಡೆಯ ಹೊತ್ತಿಗೆ ಒಂದು ಕುದುರೆ ಕಳೆದುಕೊಂಡೆ. ತಪ್ಪೆಲ್ಲಿ?

ಉತ್ತರ: ಬಹುಶಃ ಇ5ರಲ್ಲಿ. ಬಿಳಿಯ ರೂಕ್ ಇ1ರಲ್ಲಿದ್ದು, ಕುದುರೆ ಇ5ಕ್ಕೆ ಬಂದಾಗ ಸಿ6ರ ಕುದುರೆಯಿಂದ ಹೊಡೆದಿರಬೇಕು. ಡಿ4ರ ಪಾನ್ ವಾಪಸ್ ಹೊಡೆದು ಇ5ಕ್ಕೆ ಬಂದರೆ ಡಿ6ರ ರಾಣಿ, ಎಫ್6ರ ಕುದುರೆ ಎರಡಕ್ಕೂ ಒಟ್ಟಿಗೇ ಕತ್ತರಿ. ಮೊದಲು ರಾಣಿ ಸಿ7ಕ್ಕೆ ಸರಿಯಲಿ, ಆಮೇಲೆ ಹೊಡೆತದ ಲೆಕ್ಕ.

ಬಿಳಿ ಎ3 ಇಟ್ಟರೆ ಬಿ4ಕ್ಕೆ ಎ5ರ ಆಸರೆ ಬೇಕು. ಆದರೆ ಎ6 ಪಾನ್ ಮುಂದೆ ಹೋದ ಕ್ಷಣವೇ ಬಿ5ರ ಕಾವಲು ತಪ್ಪುತ್ತದೆ. ರಾಣಿ ಇನ್ನೂ ಬಿ3ರಲ್ಲೇ ಇದ್ದರೆ ಬಿ5ಕ್ಕೆ ಇನ್ನೊಂದು ಕಾವಲು ಕೊಟ್ಟು ಮುಂದುವರಿಯಿರಿ.

ಜಿ4ರ ಬಿಷಪ್ ಹಿಂದೆ ಸರಿದರೆ ಏನಾಗುತ್ತದೆ ಎಂಬುದಕ್ಕೆ 1970ರ ಬೆಲ್‌ಗ್ರೇಡ್ ಪಂದ್ಯ ನೋಡಿ. ಕಪ್ಪು ಕಾಯಿಯಲ್ಲಿ ಆಡಿದ ಪೆಟ್ರೋಸಿಯನ್ ಬಿಷಪ್ಪನ್ನು ಡಿ7ಕ್ಕೆ ತಂದು ಇ6 ಇಟ್ಟರು. ಅದು ಬಿ5ಕ್ಕೆ ಬಂದು ಬದಲಾಗದಂತೆ ಬಿಳಿ ಕಾಯಿಯ ಫಿಷರ್ 11ನೇ ನಡೆಯಲ್ಲಿ ಎ4 ಆಡಿದರು. ಬಿಷಪ್ ಒಳಗೇ ಉಳಿಯಿತು, ಆಟ ಫಿಷರ್ ಪಾಲಾಯಿತು.