ಯೂರಿಯಾ ಹಾಕಿದ್ರೂ ಇಸಿ ಯಾಕ ಏರೂದಿಲ್ಲ?

ರೋಣದ ಅಣ್ಣಾರ, ನಿಮ್ಮ ಇಸಿ ಮೀಟರ್ (ನೀರು ಎಷ್ಟು ಕರೆಂಟ್ ಹರಿಸ್ತೈತಿ ಅಂತ ಅಳೆಯೂದು) ಕೆಟ್ಟಿಲ್ರಿ. ಬೋರಿನ ನೀರು 2.4 (ಡೆಸಿಸೀಮೆನ್ಸ್/ಮೀಟರ್) ತೋರಿಸ್ತು, ಅದಕ್ಕ ಯೂರಿಯಾ ಕಲಿಸಿದ ಮ್ಯಾಲೂ 2.4ರಾಗ ನಿಂತೈತಿ ಅಂತ ಕೇಳೀರಿ. ಅದು ನಿಲ್ಲಬೇಕಾದ್ದ ಹಂಗ.

ನೀರಿನ್ಯಾಗ ಕರೆಂಟ್ ಹೊರೂದು ಅದರಾಗ ಕರಗಿದ ಅಯಾನು, ಅಂದ್ರ ಚಾರ್ಜ್ ಇರೂ ಕಣ. ಸೋಡಿಯಂ ಪರಮಾಣುವಿನ್ಯಾಗ 11 ಪ್ರೋಟಾನ್, 11 ಎಲೆಕ್ಟ್ರಾನ್ ಇರ್ತಾವು, ಚಾರ್ಜ್ ಸೊನ್ನೆ. ಹೊರಗಿನ ಒಂದು ಎಲೆಕ್ಟ್ರಾನ್ ಕ್ಲೋರಿನ್‌ಗೆ ಹೋದ್ರ ಸೋಡಿಯಂನಾಗ 10 ಉಳಿದು ಒಂದು ಪ್ಲಸ್ ಆತು. ಕ್ಲೋರಿನ್‌ದು 17 ಇದ್ದದ್ದು 18 ಆಗಿ ಒಂದು ಮೈನಸ್. ಕ್ಯಾಲ್ಸಿಯಂ ಎರಡು ಬಿಟ್ಟುಕೊಡ್ತೈತಿ, ಅದಕ್ಕ ಎರಡು ಪ್ಲಸ್. ಉಪ್ಪಿನ ಹರಳಿನ್ಯಾಗೂ ಇವು ಅಯಾನುಗಳ, ಆದ್ರ ಕುಂತಲ್ಲೆ ಕುಂತಿರ್ತಾವು. ನೀರಿಗೆ ಬಿದ್ದ ಮ್ಯಾಲ ಬಿಡಿಬಿಡಿಯಾಗಿ ಓಡಾಡ್ತಾವು, ಆ ಓಡಾಟಾನ ಮೀಟರ್ ಅಳೀತೈತಿ.

ಯೂರಿಯಾ ಕರಗ್ತೈತಿ, ಒಡಿಯೂದಿಲ್ಲ. ಇಡೀ ಅಣು ಚಾರ್ಜ್ ಇಲ್ದಂಗ ಉಳೀತೈತಿ. ಮಣ್ಣಿನ್ಯಾಗ ಕಿಣ್ವ ಅದನ್ನ ಅಮೋನಿಯಂ ಮಾಡಿದ ಮ್ಯಾಲನ ಅಯಾನು. ಪರೀಕ್ಷೆ ಮಾಡ್ರಿ: ಒಂದು ಲೀಟರ್ ಬ್ಯಾಟರಿ ನೀರಿಗೆ 1 ಗ್ರಾಂ ಅಡುಗಿ ಉಪ್ಪು ಹಾಕಿದ್ರ 2ರ ಹತ್ರ ಬರ್ತೈತಿ, ಅಷ್ಟ ಯೂರಿಯಾ ಹಾಕಿದ್ರ ಸೊನ್ನೆ ಹತ್ರ. ಮೀಟರಿಗೆ ತಾಪಮಾನ ಹೊಂದಾಣಿಕೆ ಇಲ್ಲದಿದ್ರ ಮಧ್ಯಾಹ್ನದ ಬಿಸಿ ನೀರು ಅಳೀಬ್ಯಾಡ್ರಿ, ಒಂದು ಡಿಗ್ರಿಗೆ ಸುಮಾರು ಶೇಕಡಾ 2 ಹೆಚ್ಚು ತೋರಿಸ್ತೈತಿ.

ಈಗ 2.4ರ ಮಾತು. ಮೆಣಸಿನಕಾಯಿಗೆ ನೀರಿನ ಇಸಿ 1 ದಾಟಿದ್ರ ಇಳುವರಿ ಇಳಿಯಾಕ ಶುರು, 2.2ಕ್ಕ ಸುಮಾರು ಕಾಲು ಭಾಗ ಹೋಗ್ತೈತಿ. ಆದ್ರ ಎರಿ (ಕಪ್ಪು ಮಣ್ಣಿನ) ಹೊಲಕ್ಕ ಅದಕ್ಕಿಂತ ದೊಡ್ಡ ಪ್ರಶ್ನೆ, ಆ ಚಾರ್ಜ್ ಯಾರದ್ದು? ಮೀಟರ್ ಅದನ್ನ ಹೇಳೂದಿಲ್ಲ. ಎರಿ ಮಣ್ಣಿನ ಜೇಡಿ ಕಣಗಳ ಮ್ಯಾಲ ಮೈನಸ್ ಇರ್ತೈತಿ. ಕ್ಯಾಲ್ಸಿಯಂ ಎರಡು ಪ್ಲಸ್‌ನಿಂದ ಕಣಗಳನ್ನ ಒಂದಕ್ಕೊಂದು ಹತ್ರ ಹಿಡೀತೈತಿ. ಸೋಡಿಯಂಗ ಒಂದ ಪ್ಲಸ್, ಸುತ್ತಲೂ ನೀರು ಕಟ್ಟಿಕೊಂಡು ದೂರ ನಿಂತಿರ್ತೈತಿ, ಹಿಡಿತ ಸಾಲೂದಿಲ್ಲ. ಮಳಿ ಬಿದ್ದ ಕೂಡ್ಲೆ ಕಣ ಚದುರಿ ರಂಧ್ರ ಮುಚ್ಚಿ, ಮ್ಯಾಲ ಹೆಪ್ಪುಗಟ್ಟಿ, ನೀರು ಕೆಳಗ ಇಳಿಯೂದ ನಿಲ್ತೈತಿ.

ಅದಕ್ಕ ಲ್ಯಾಬಿನ್ಯಾಗ ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ, ಕಾರ್ಬೋನೇಟ್, ಬೈಕಾರ್ಬೋನೇಟ್ ಎಲ್ಲಾ ಲೀಟರಿಗೆ ಎಷ್ಟು ಮಿಲಿಈಕ್ವಿವಲೆಂಟ್ (ಚಾರ್ಜ್ ಲೆಕ್ಕದ ಅಳತಿ) ಅಂತ ಕೇಳ್ರಿ. ಕಾರ್ಬೋನೇಟ್, ಬೈಕಾರ್ಬೋನೇಟ್ ಕೂಡಿಸಿ, ಕ್ಯಾಲ್ಸಿಯಂ, ಮೆಗ್ನೀಸಿಯಂ ಕಳೀರಿ. 1.25ರೊಳಗ ಬಂದ್ರ ಚಿಂತಿಲ್ಲ, 2.5 ದಾಟಿದ್ರ ಆ ನೀರಿನ ಕ್ಯಾಲ್ಸಿಯಂ ಸುಣ್ಣಾಗಿ ಡ್ರಿಪ್ಪರ್ ಬಾಯಿಗೆ ಕೂಡ್ತೈತಿ, ಸೋಡಿಯಂ ಒಂದ ಮಣ್ಣಿಗೆ ಉಳೀತೈತಿ. ಆಗ ಜಿಪ್ಸಮ್ (ಕ್ಯಾಲ್ಸಿಯಂ ಸಲ್ಫೇಟ್) ಬೇಕು, ಅದರ ಕ್ಯಾಲ್ಸಿಯಂ ಸೋಡಿಯಂನ ಜಾಗಾ ಹಿಡೀತೈತಿ. 100 ಗ್ರಾಂ ಮಣ್ಣಿನ್ಯಾಗ ಒಂದು ಮಿಲಿಈಕ್ವಿವಲೆಂಟ್ ಸೋಡಿಯಂ ಬಿಡಿಸಾಕ, ಅರ್ಧ ಅಡಿ ಆಳಕ್ಕ ಎಕರೆಗೆ 700ರಿಂದ 800 ಕೆಜಿ. ಬಿಡಿಸಿದ ಸೋಡಿಯಂ ಹೊರಗ ಹೋಗಾಕ ಬಸಿಗಾಲುವಿ ಇಲ್ಲದಿದ್ರ ಆ ಖರ್ಚು ದಂಡ. ಜಿಪ್ಸಮ್ ಹಾಕಿದ ಮ್ಯಾಲ ಇಸಿ ಸ್ವಲ್ಪ ಏರ್ತೈತಿ, ಅದನ್ನ ನೋಡಿ ಹೆದರಬ್ಯಾಡ್ರಿ.

ಇನ್ನೊಂದು ಮಾತು. ಕ್ಯಾಲ್ಸಿಯಂ ನೈಟ್ರೇಟನ್ನ ಮೆಗ್ನೀಸಿಯಂ ಸಲ್ಫೇಟ್ ಜೋಡಿ ಒಂದ ಡ್ರಮ್ಮಿನ್ಯಾಗ ದಪ್ಪಗ ಕರಗಿಸಬ್ಯಾಡ್ರಿ. ಕ್ಯಾಲ್ಸಿಯಂ, ಸಲ್ಫೇಟ್ ಕೂಡಿ ಅಲ್ಲೆ ಜಿಪ್ಸಮ್ ಆಗಿ ತಳಕ್ಕ ಕೂಡ್ತೈತಿ, ಫಿಲ್ಟರ್ ಕಟ್ಟಿಕೊಳ್ತೈತಿ. ಒಂದನ್ನ ಬಿಟ್ಟು, ಲೈನ್ ಸಾದಾ ನೀರಿನಿಂದ ತೊಳೆದು, ಆಮ್ಯಾಲ ಇನ್ನೊಂದನ್ನ ವೆಂಚುರಿಗೆ (ಗೊಬ್ಬರದ ನೀರನ್ನ ಡ್ರಿಪ್ ಲೈನಿಗೆ ಎಳಕೊಳ್ಳೂ ಸಾಧನ) ಕೊಡ್ರಿ.